ಬಸುರಿಯ ಚೀಟಿ ಕನ್ನಡದಲ್ಲಿರಲಿ

ತಾಳವಾಡಿಯ ಬಂಧುಗಳೇ,

ರಕ್ತದೊತ್ತಡ ಏರಿದ ಬಸುರಿಯನ್ನು ವೈದ್ಯರು ವಾರವಾರವೂ ಬರಹೇಳಿದರೆ ಮನೆಯಲ್ಲಿ ಮೊದಲು ಏಳುವ ಮಾತು, ‘ಚೆನ್ನಾಗಿಯೇ ಇದ್ದಾಳಲ್ಲ, ಮತ್ತೇಕೆ?’ ಎಂಬುದು. ಸತ್ಯಮಂಗಲಕ್ಕೆ ಇಳಿಯಲು ದಿಂಬಂ ಘಾಟಿಯ 27 ಕಡಿದಾದ ತಿರುವುಗಳು. ಒಂದು ದಿನದ ಕೂಲಿ ಹೋಯಿತು. ಕೈಗೆ ಬರುವ ಚೀಟಿಯಾದರೋ ಬಹುಮಟ್ಟಿಗೆ ತಮಿಳು, ಇಲ್ಲವೆ ಇಂಗ್ಲಿಷು. ಆ ಗೊಣಗಾಟವನ್ನು ನಾವು ತಪ್ಪೆನ್ನಲಾರೆವು. ಆದರೆ ಈ ಕಾಯಿಲೆ ಹೇಳಿ ಬರುವುದಿಲ್ಲ. ಒತ್ತಡ 140/90 ದಾಟಿದರೂ ತಾಯಿಗೆ ಏನೂ ತೋರದಿರಬಹುದು. ಮೂತ್ರದಲ್ಲಿ ಪ್ರೋಟೀನು ಹೋಗುತ್ತಿರುವುದು ಪರೀಕ್ಷೆಯಿಂದಲೇ ತಿಳಿಯಬೇಕು. ತೀವ್ರ ತಲೆನೋವು, ಕಣ್ಣು ಮಂಜಾಗುವುದು, ಮೇಲುಹೊಟ್ಟೆಯ ನೋವು, ಕೂಸಿನ ಮಿಸುಕಾಟ ತಗ್ಗುವುದು, ಇವು ಕಂಡರಂತೂ ಮುಂದಿನ ವಾರದವರೆಗೆ ಕಾಯಲಾಗದು.

ಇದನ್ನೆಲ್ಲ ಆಕೆಗೆ ತಿಳಿಯುವ ಮಾತಿನಲ್ಲಿ ಹೇಳುವವರಾರು? ಗಡಿಯ ಆಸ್ಪತ್ರೆಗಳಲ್ಲಿ ಕನ್ನಡ ಬಲ್ಲ ದಾದಿಯೂ ಕನ್ನಡದ ಚೀಟಿಯೂ ಚಿಕಿತ್ಸೆಯ ಅಂಗವೇ ಎಂಬುದು ನಮ್ಮ ವಾದ. ಅವು ದೊರೆಯುವವರೆಗೆ ಗಂಡನೂ ಜೊತೆಗೆ ಹೋಗಲಿ. ಪ್ರತಿ ಸಲದ ಅಂಕಿಯನ್ನು ಕೇಳಿ, ಕನ್ನಡದಲ್ಲಿ ಬರೆದುಕೊಳ್ಳಲಿ. ಚಾಮರಾಜನಗರವೇ ಹತ್ತಿರವೆಂದು ಹೊರಟರೂ ಹಳೆಯ ಚೀಟಿಗಳನ್ನು ಒಯ್ಯಲೇಬೇಕು. ಹಿಂದಿನ ಅಂಕಿಯಿಲ್ಲದೆ, ಒತ್ತಡ ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದನ್ನು ಅಲ್ಲಿನ ವೈದ್ಯರಾದರೂ ಹೇಗೆ ಬಲ್ಲರು?