ವಿಲೀನ ಆಗಲಿ, ಹಳೆಯ ಸೇವೆಯ ಲೆಕ್ಕ ಏನಾಯಿತು?

ಸಾರಿಗೆ ನಿಗಮಗಳ ನೌಕರರನ್ನು ಸರ್ಕಾರಿ ನೌಕರರನ್ನಾಗಿ ಮಾಡಿ ಎಂಬ ಕೂಗಿಗೆ ಸಿಗುವ ಉತ್ತರಗಳು ಎರಡೇ. ಬೊಕ್ಕಸ ತಡೆಯುವುದಿಲ್ಲ ಎಂದು ಒಂದು ಗುಂಪಿನ ಅಂಕಣಕಾರರು ಬರೆಯುತ್ತಾರೆ. ಆಂಧ್ರ, ತೆಲಂಗಾಣ ಮಾಡಿ ತೋರಿಸಿಲ್ಲವೇ ಎಂದು ಇನ್ನೊಂದು ಗುಂಪು ಕೇಳುತ್ತದೆ. ವಿಲೀನ ಆಗಬೇಕು ಎಂಬುದೇ ನನ್ನ ನಿಲುವು. ಆದರೆ ಹಿಂದಿನ ಸೇವೆಯನ್ನು ಲೆಕ್ಕಕ್ಕೆ ಹಿಡಿಯುವ ಕಲಂ ಇಲ್ಲದ ವಿಲೀನ ಬಂದರೆ ಬೀದರ್, ಭಾಲ್ಕಿ, ಔರಾದ್ ಡಿಪೋಗಳ ಚಾಲಕ–ನಿರ್ವಾಹಕರು ಅದನ್ನು ಒಪ್ಪಬಾರದು.

ಈ ಮೂರು ಊರುಗಳ ಹೆಸರು ಸುಮ್ಮನೆ ಎತ್ತಲಿಲ್ಲ. ಬೀದರ್ ನಿಲ್ದಾಣಕ್ಕೆ ಜಹೀರಾಬಾದ್ ಕಡೆಯಿಂದ ತೆಲಂಗಾಣದ ಬಸ್ಸು ಬರುತ್ತದೆ, ಉದಗೀರ ಕಡೆಯಿಂದ ಮಹಾರಾಷ್ಟ್ರದ ಕೆಂಪು ಬಸ್ಸು ‘ಲಾಲ್ ಪರಿ’ ಬರುತ್ತದೆ. ಮೂರು ರಾಜ್ಯಗಳ ನಿರ್ವಾಹಕರು ಅಕ್ಕಪಕ್ಕ ನಿಂತು ಚಹಾ ಕುಡಿಯುವ ಜಾಗ ಇದು. ಮಹಾರಾಷ್ಟ್ರದವರು 2021–22ರಲ್ಲಿ ತಿಂಗಳುಗಟ್ಟಲೆ ಮುಷ್ಕರ ಹೂಡಿದರೂ ಬೇಡಿಕೆ ಪರಿಶೀಲಿಸಲು ನೇಮಕವಾದ ಮೂವರ ಸಮಿತಿ ವಿಲೀನ ಸಾಧ್ಯವಿಲ್ಲ ಎಂದು ಕೈಚೆಲ್ಲಿತು. ತೆಲಂಗಾಣದಲ್ಲಿ 43 ಸಾವಿರಕ್ಕೂ ಹೆಚ್ಚು ಜನರ ವಿಲೀನ ಮಸೂದೆಯನ್ನು 2023ರ ಆಗಸ್ಟ್‌ನಲ್ಲಿ ಸದನ ಒಪ್ಪಿತು. ಆದರೂ 2025ರ ಮೇ ತಿಂಗಳಲ್ಲಿ ಅಲ್ಲಿಯ ಸಂಘಗಳು ಅದೇ ವಿಲೀನವನ್ನು ಬೇಡಿಕೆ ಪಟ್ಟಿಗೆ ಸೇರಿಸಿ ಮುಷ್ಕರಕ್ಕೆ ಸಜ್ಜಾಗಬೇಕಾಯಿತು. ನಮ್ಮಲ್ಲಿ 2020ರ ಡಿಸೆಂಬರ್ ಮುಷ್ಕರ ಮುಗಿದದ್ದು ಹತ್ತರಲ್ಲಿ ಒಂಬತ್ತು ಬೇಡಿಕೆಗಳಿಗೆ ಸರ್ಕಾರ ತಲೆಯಾಡಿಸಿದ ಮೇಲೆ. ಬಿಟ್ಟುಹೋದ ಆ ಒಂದು, ಸರ್ಕಾರಿ ನೌಕರರೆಂಬ ಮಾನ್ಯತೆ.

ಎಲ್ಲರೂ ಸಂಬಳ ಹೋಲಿಸುತ್ತಾರೆ. ನೋಡಬೇಕಾದ ಅಂಕಿ ಬೇರೆ ಇದೆ: 7,500 ರೂಪಾಯಿ. ನಿಗಮದ ನೌಕರನಿಗೆ ನಿವೃತ್ತಿಯ ನಂತರ ಸಿಗುವುದು 1995ರ ಭವಿಷ್ಯ ನಿಧಿ ಪಿಂಚಣಿ. ಅದರ ಸೂತ್ರದಲ್ಲಿ ವೇತನದ ಮಿತಿ 2014ರ ಸೆಪ್ಟೆಂಬರ್‌ನಿಂದ 15 ಸಾವಿರ ರೂಪಾಯಿ. ಅದನ್ನು ಸೇವಾವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಬೇಕು. 35 ವರ್ಷ ಸ್ಟೇರಿಂಗ್ ಹಿಡಿದರೂ ಆ ಲೆಕ್ಕ 7,500ರ ಆಸುಪಾಸಿನಲ್ಲೇ ನಿಲ್ಲುತ್ತದೆ. 2014ಕ್ಕೆ ಮುಂಚಿನ ವರ್ಷಗಳಿಗೆ ಮಿತಿ 6,500 ಆಗಿದ್ದರಿಂದ ಈಗ ನಿವೃತ್ತರಾಗುವವರ ಕೈಗೆ ಅಷ್ಟೂ ಬರುವುದಿಲ್ಲ. ಹೆಚ್ಚಿನ ಪಿಂಚಣಿಗೆ ಆಯ್ಕೆಪತ್ರ ಕೊಟ್ಟು ಗೆದ್ದವರ ಮಾತು ಬೇರೆ. ಅದೇ ಹಳೆಯ ಪಿಂಚಣಿಯ ಸರ್ಕಾರಿ ನೌಕರ ಪೂರ್ಣ ಸೇವೆ ಮುಗಿಸಿದರೆ ಕೊನೆಯ ಮೂಲ ವೇತನದ ಅರ್ಧ ಪಡೆಯುತ್ತಾನೆ. ಇಬ್ಬರ ನಡುವಿನ ನಿಜವಾದ ಕಂದಕ ಇದು.

ಆ ಕಂದಕವನ್ನು ವಿಲೀನ ತಾನಾಗಿಯೇ ಮುಚ್ಚುವುದಿಲ್ಲ. ರಾಜ್ಯದಲ್ಲಿ 2006ರ ಏಪ್ರಿಲ್ 1ರಿಂದ ಸೇವೆಗೆ ಸೇರಿದವರಿಗೆ ಎನ್‌ಪಿಎಸ್, ಅಂದರೆ ಹೊಸ ಪಿಂಚಣಿ ಯೋಜನೆ. 2001ರಲ್ಲಿ ಔರಾದ್ ಡಿಪೋ ಸೇರಿದ ಒಬ್ಬ ನಿರ್ವಾಹಕನನ್ನು ಊಹಿಸಿಕೊಳ್ಳಿ. ಅವನ ಸರ್ಕಾರಿ ಸೇವೆ 2001ರಿಂದ ಎಂದು ಕಾಯ್ದೆ ಹೇಳಿದರೆ ಅವನು ಹಳೆಯ ಪಿಂಚಣಿಗೆ ಅರ್ಹ. ವಿಲೀನದ ದಿನದಿಂದ ಎಂದರೆ, ನಿವೃತ್ತಿಗೆ ನಾಲ್ಕೈದು ವರ್ಷ ಉಳಿದಿರುವ ಆತ ಎನ್‌ಪಿಎಸ್ ಖಾತೆ ತೆರೆದ ಹೊಸ ನೌಕರ. ಆಂಧ್ರದಲ್ಲಿ 2020ರ ಜನವರಿ 1ರಂದು ವಿಲೀನವಾದವರು ಇಂದಿಗೂ ಹಳೆಯ ಪಿಂಚಣಿ ಕೇಳುತ್ತಿರುವುದು ಏಕೆಂದು ಆಂಧ್ರ ಮಾದರಿ ಎಂದು ಕುಣಿಯುವವರು ಒಮ್ಮೆ ವಿಚಾರಿಸಲಿ.

ಕರ್ನಾಟಕ ಇಂಥ ಕಡೆ ಹೇಗೆ ನಡೆದುಕೊಳ್ಳುತ್ತದೆ ಎಂದು ತಿಳಿಯಲು ವಿಜಯವಾಡದವರೆಗೆ ಹೋಗಬೇಕಿಲ್ಲ. ಭಾಲ್ಕಿಯ ಯಾವುದೇ ಅನುದಾನಿತ ಶಾಲೆಯ ಹಿರಿಯ ಮೇಷ್ಟ್ರನ್ನು ಕೇಳಿದರೆ ಸಾಕು. ಖಾಸಗಿ ಆಡಳಿತ ಮಂಡಳಿಯ ಕೈಕೆಳಗೆ, ಕೈಗೆ ಬಂದಷ್ಟು ಸಂಬಳಕ್ಕೆ, ವರ್ಷಗಟ್ಟಲೆ ಪಾಠ ಮಾಡಿದವರು ಶಾಲೆ ಅನುದಾನಕ್ಕೆ ಒಳಪಟ್ಟ ದಿನ ಸರ್ಕಾರದ ವೇತನಪಟ್ಟಿಗೆ ಬಂದರು. ಹಿಂದಿನ ವರ್ಷಗಳ ವೇತನ ಬಡ್ತಿಗಳನ್ನು ಕಾಗದದ ಮೇಲಾದರೂ ಎಣಿಸಿ ವೇತನ ನಿಗದಿ ಮಾಡಿ ಎಂಬುದೇ ಕಾಲ್ಪನಿಕ ವೇತನದ ಹೋರಾಟ. ಶಿಕ್ಷಕರು ಕೋರ್ಟು ಕಚೇರಿ ಅಲೆದರು. ಸರ್ಕಾರ ಕೊಟ್ಟ ಉತ್ತರ 2014ರ ಕಾಯ್ದೆ, ಅಂದರೆ ಖಾಸಗಿ ಅನುದಾನಿತ ಶಿಕ್ಷಣ ಸಂಸ್ಥೆಗಳ ನೌಕರರ ವೇತನ, ಪಿಂಚಣಿ ನಿಯಂತ್ರಣ ಕಾಯ್ದೆ. ಅನುದಾನಕ್ಕೆ ಮೊದಲಿನ ಸೇವೆ ವೇತನಕ್ಕೂ ಇಲ್ಲ, ಪಿಂಚಣಿಗೂ ಇಲ್ಲ ಎಂದು ಸದನವೇ ಬರೆದುಕೊಟ್ಟಿತು. ಕಪ್ಪುಹಲಗೆಯ ಮುಂದೆ ನಿಂತು ಕಳೆದ ವರ್ಷಗಳು ಕಡತದಲ್ಲಿ ನಡೆದೇ ಇಲ್ಲ! ಖಾಸಗಿ ನೌಕರರನ್ನು ಬೊಕ್ಕಸದ ಸಂಬಳಕ್ಕೆ ತಂದ ಈ ನಾಡಿನ ಅತಿದೊಡ್ಡ ಪ್ರಯೋಗ ಇದೇ ಇರಬೇಕು. ಸಾರಿಗೆ ವಿಲೀನದ ಚರ್ಚೆಯಲ್ಲಿ ಅದರ ಸುದ್ದಿಯನ್ನೇ ಯಾರೂ ಎತ್ತುವುದಿಲ್ಲ.

ದಿನಾಂಕ ಹಿಂದಕ್ಕೆ ಸರಿಸಲಾಗದು ಎಂದು ಹಣಕಾಸು ಇಲಾಖೆ ಹೇಳಬಹುದು. ಆದರೆ 2006ರ ಏಪ್ರಿಲ್‌ಗೆ ಮೊದಲು ಅಧಿಸೂಚನೆ ಹೊರಟು ಆಮೇಲೆ ನೇಮಕವಾದ ಸುಮಾರು 13 ಸಾವಿರ ನೌಕರರಿಗೆ ಹಳೆಯ ಪಿಂಚಣಿಯ ಅವಕಾಶವನ್ನು ಇದೇ ಸರ್ಕಾರ 2024ರ ಜನವರಿಯಲ್ಲಿ ಕೊಟ್ಟಿತು. ಮನಸ್ಸಿದ್ದರೆ ದಿನಾಂಕ ಸರಿಯುತ್ತದೆ. ಸುಪ್ರೀಂ ಕೋರ್ಟ್‌ನ ಉಮಾದೇವಿ ಪ್ರಕರಣದ ತೀರ್ಪನ್ನು ಅಡ್ಡ ತರುವವರೂ ಇದ್ದಾರೆ. 2006ರ ಏಪ್ರಿಲ್ 10ರ ಆ ತೀರ್ಪು ತಡೆದದ್ದು ಹಿಂಬಾಗಿಲಿನಿಂದ ಬಂದವರನ್ನು. ಅಧಿಸೂಚನೆ, ಮೀಸಲಾತಿ, ಆಯ್ಕೆಪಟ್ಟಿ ದಾಟಿ ಬಂದ ಚಾಲಕನಿಗೂ ಅದಕ್ಕೂ ಏನು ಸಂಬಂಧ?

ಉಳಿದದ್ದು ಬೊಕ್ಕಸದ ವಾದ. ನಿಗಮ ಸ್ವತಂತ್ರ ಸಂಸ್ಥೆ ಎಂಬುದು ಅರ್ಧ ನಾಟಕ. ನೇಮಕಾತಿ, ಸೇವಾ ಷರತ್ತು, ವೇತನದ ಬಗ್ಗೆ ನಿರ್ದೇಶನ ಕೊಡುವ ಅಧಿಕಾರವನ್ನು 1950ರ ರಸ್ತೆ ಸಾರಿಗೆ ನಿಗಮಗಳ ಕಾಯ್ದೆಯ 34ನೇ ಕಲಂ ರಾಜ್ಯ ಸರ್ಕಾರಕ್ಕೆ ಕೊಟ್ಟಿದೆ. ದರ ಏರಿಸಲು ಸಂಪುಟ ಒಪ್ಪಬೇಕು, ಮಹಿಳೆಯರಿಗೆ ಉಚಿತ ಪ್ರಯಾಣ ಕೊಡುವುದೂ ಸಂಪುಟವೇ. ಬಾಕಿ ವೇತನ ಕೇಳಿದಾಗ ಮಾತ್ರ ನಿಗಮದ ಆರ್ಥಿಕ ಸ್ಥಿತಿ ನೆನಪಾಗುತ್ತದೆ. 38 ತಿಂಗಳ ಬಾಕಿ ಕೇಳಿದವರಿಗೆ 2025ರಲ್ಲಿ 14 ತಿಂಗಳದ್ದು ಕೊಡುತ್ತೇವೆ ಎಂದು ಚೌಕಾಸಿ ನಡೆಸಿದ್ದು ಮುಖ್ಯಮಂತ್ರಿಯೇ ಹೊರತು ನಿಗಮದ ಅಧ್ಯಕ್ಷರಲ್ಲ. ಸರ್ಕಾರಿ ನೌಕರರಾದರೆ ಈ ಕಾಟ ತಪ್ಪುತ್ತದೆ ಎಂದೂ ಭಾವಿಸಬೇಡಿ. ಏಳನೇ ವೇತನ ಆಯೋಗದ ಪರಿಷ್ಕರಣೆ 2022ರ ಜುಲೈ 1ರಿಂದ ಕಾಗದದಲ್ಲಿ, 2024ರ ಆಗಸ್ಟ್ 1ರಿಂದ ಕೈಯಲ್ಲಿ. ನಡುವಿನ 25 ತಿಂಗಳಲ್ಲಿ ಸಿಕ್ಕಿದ್ದು 2023ರ ಏಪ್ರಿಲ್‌ನಿಂದ ಶೇ 17ರ ಮಧ್ಯಂತರ ಪರಿಹಾರ ಮಾತ್ರ.

ಇತಿಹಾಸದ ಮಾತೊಂದು. ಬೀದರ್ ಆಗ ಸೇರಿದ್ದ ಹೈದರಾಬಾದ್ ಸಂಸ್ಥಾನ 1930ರಲ್ಲಿ ಬ್ರಿಟಿಷ್ ಕಂಪನಿಯಿಂದ ರೈಲ್ವೆಯನ್ನು ವಶಕ್ಕೆ ಪಡೆಯಿತು. 1932ರಲ್ಲಿ 27 ಬಸ್ಸು, 166 ನೌಕರರೊಂದಿಗೆ ರಸ್ತೆ ಸಾರಿಗೆ ಆರಂಭಿಸಿದ್ದು ಆ ಸರ್ಕಾರಿ ರೈಲ್ವೆಯ ಇಲಾಖೆಯೇ. ನಮ್ಮ ಭಾಗದ ಸರ್ಕಾರಿ ಬಸ್ಸು ಹುಟ್ಟಿದ್ದು ಇಲಾಖೆಯಾಗಿ. ಮೈಸೂರು ರಾಜ್ಯದಲ್ಲಿ ಇಲಾಖೆ ನಿಗಮವಾದದ್ದು 1961ರ ಆಗಸ್ಟ್ 1ರಂದು. 1976ರಲ್ಲಿ ಖಾಸಗಿ ಕಾಂಟ್ರ್ಯಾಕ್ಟ್ ಬಸ್ಸುಗಳನ್ನು ಸರ್ಕಾರ ಸ್ವಾಧೀನಕ್ಕೆ ತೆಗೆದುಕೊಂಡಾಗಲೂ ಅವುಗಳ ಕಾರ್ಮಿಕರು ಸೇರಿದ್ದು ನಿಗಮವನ್ನು, ಇಲಾಖೆಯನ್ನಲ್ಲ. ಹೊರಗೆ ಕಳಿಸಿದ್ದು ಸರ್ಕಾರವೇ ಆದ್ದರಿಂದ ಒಳಗೆ ಕರೆದುಕೊಳ್ಳುವುದು ಅಸಾಧ್ಯವೇನಲ್ಲ.

ಒಳಗೆ ಹೋದವರು ಕಳೆದುಕೊಳ್ಳುವುದೂ ಇದೆ. ನಾಲ್ಕು ವರ್ಷಕ್ಕೊಮ್ಮೆ ಸಂಘ ಕೂತು ಮಾಡುವ ವೇತನ ಒಪ್ಪಂದ, ಕಾರ್ಮಿಕ ನ್ಯಾಯಾಲಯದ ಬಾಗಿಲು, ಮುಷ್ಕರದ ನೋಟಿಸ್ ಎಲ್ಲವನ್ನೂ ಬಿಟ್ಟುಕೊಟ್ಟು ನಡತೆ ನಿಯಮಗಳಿಗೆ ಒಳಪಡಬೇಕು. ಇಷ್ಟು ಕೊಟ್ಟವರಿಗೆ ಬದಲಿಗೆ ಸೇರಿದ ದಿನದಿಂದ ಸೇವೆಯ ಎಣಿಕೆ, 2006ರ ಏಪ್ರಿಲ್‌ಗೆ ಮುಂಚಿನವರಿಗೆ ಹಳೆಯ ಪಿಂಚಣಿ ಸಿಗಬೇಕು. ಅದೂ ಆಮೇಲಿನ ಆದೇಶದಲ್ಲಿ ಅಲ್ಲ, ಕಾಯ್ದೆಯಲ್ಲೇ.

2020ರಲ್ಲಿ ಬೇಡಿಕೆ ತಿರಸ್ಕೃತವಾದಾಗ ಔರಾದ್ ಶಾಸಕ ಪ್ರಭು ಚವ್ಹಾಣ್ ಸಂಪುಟದಲ್ಲಿದ್ದರು. 2023ರ ಸಂಪುಟಕ್ಕೆ ಭಾಲ್ಕಿಯ ಈಶ್ವರ ಖಂಡ್ರೆ, ಬೀದರ್‌ನ ರಹೀಂ ಖಾನ್ ಬಂದರು. ಮೂರು ಡಿಪೋಗಳ ನೌಕರರು ಇವರ ಬಳಿಗೆ ಮನವಿಪತ್ರ ಒಯ್ಯುವಾಗ ವಿಲೀನ ಬೇಕೇ ಬೇಡವೇ ಎಂಬ ಪ್ರಶ್ನೆಯ ಜೊತೆಗೆ 2014ರ ಕಾಯ್ದೆಯ ಒಂದು ಪ್ರತಿಯನ್ನೂ ಲಗತ್ತಿಸಲಿ.