ಅಂಚಿನಲ್ಲಿರುವ ಹೆಸರು



ನವೆಂಬರ್ ತಿಂಗಳು ನಮಗೆ ಅಗಲಿದವರ ತಿಂಗಳು. ಸಮಾಧಿಗೆ ಹೂವಿಟ್ಟು, ಮೇಣದಬತ್ತಿ ಹಚ್ಚಿ, ಅವರ ಹೆಸರಿನಲ್ಲಿ ಬಲಿಪೂಜೆ ಕೇಳಿಕೊಳ್ಳುತ್ತೇವೆ. ಆದರೆ ಮುತ್ತಜ್ಜನ ಹೆಸರೇನು ಎಂದು ಮಕ್ಕಳು ಕೇಳಿದರೆ ಎಷ್ಟು ಮನೆಗಳಲ್ಲಿ ಉತ್ತರ ಸಿಕ್ಕೀತು? ಕೆಲವು ಮನೆಗಳಲ್ಲಿ ಆ ಉತ್ತರ ಟ್ರಂಕಿನ ತಳದಲ್ಲಿ, ಹಳೆಯ ಜಪಸರದ ಪಕ್ಕದಲ್ಲಿ, ಒಂದು ಪದಕದ ಅಂಚಿನಲ್ಲಿರುತ್ತದೆ.

ಬೆಳುಗುಪ್ಪ, ಕಲ್ಯಾಣದುರ್ಗ, ಹಿಂದೂಪುರದ ನಮ್ಮ ಸೀಮೆ ಬ್ರಿಟಿಷರ ಕಾಲದಲ್ಲಿ ಮದ್ರಾಸ್ ಪ್ರಾಂತಕ್ಕೆ ಸೇರಿತ್ತು. ಮದ್ರಾಸ್ ಸ್ಯಾಪರ್ಸ್ ದಳದ ನೆಲೆ ಬೆಂಗಳೂರು. ಪಕ್ಕದ ಮೈಸೂರು ಸಂಸ್ಥಾನದ ಲ್ಯಾನ್ಸರ್ಸ್ ಕುದುರೆ ದಳ 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಗೆದ್ದ ಪಡೆಯಲ್ಲಿತ್ತು. ಹಿರಿಯರು ಯಾರಾದರೂ ಸೈನ್ಯದಲ್ಲಿದ್ದರೆಂದು ನಿಮ್ಮ ಮನೆಯಲ್ಲಿ ಮಾತಿದ್ದರೆ, ಈ ವಿವರಗಳನ್ನು ಓದಿ ಇಟ್ಟುಕೊಳ್ಳಿ.

ಮೊದಲನೆಯ ಮಹಾಯುದ್ಧದ ಬ್ರಿಟಿಷ್ ವಾರ್ ಮೆಡಲ್ 36 ಮಿಲಿಮೀಟರ್ ಅಗಲದ ದುಂಡು ಪದಕ. ಒಂದು ಕಡೆ ಐದನೆಯ ಜಾರ್ಜ್ ದೊರೆಯ ಮುಖ. ಇನ್ನೊಂದು ಕಡೆ ಕುದುರೆಯ ಮೇಲೆ ಸಂತ ಜಾರ್ಜ್, ಜೊತೆಗೆ 1914 ಮತ್ತು 1918 ಎಂಬ ಇಸವಿಗಳು. ಪದಕವನ್ನು ಓರೆಯಾಗಿ ಬೆಳಕಿಗೆ ಹಿಡಿದು ಅಂಚನ್ನು ನೋಡಿ. ಸೈನಿಕನ ಸಂಖ್ಯೆ, ದರ್ಜೆ, ಹೆಸರು, ದಳ ಎಲ್ಲವನ್ನೂ ಇಂಗ್ಲಿಷ್ ಅಕ್ಷರಗಳಲ್ಲಿ ಅಲ್ಲಿ ಒತ್ತಿರುತ್ತಾರೆ.

ಪದಕವನ್ನು ಎಲ್ಲಿ ಮಾಡಿದರೆಂದು ತಿಳಿಯಲು ಕೆಲವೊಮ್ಮೆ ಕೊಂಡಿ ಸಾಕು. 1908ರ ಇಂಡಿಯಾ ಜನರಲ್ ಸರ್ವಿಸ್ ಮೆಡಲ್ ಅನ್ನು ಲಂಡನ್ ಟಂಕಸಾಲೆಯಲ್ಲೂ ಕಲ್ಕತ್ತಾ ಟಂಕಸಾಲೆಯಲ್ಲೂ ಮಾಡಿದರು. ಎರಡರ ಹಿಂಬದಿಯಲ್ಲೂ ಜಮ್ರೂದ್ ಕೋಟೆ ಮತ್ತು ಬೆಟ್ಟಗಳ ಚಿತ್ರವಿದೆ. ಪದಕವನ್ನು ಮೇಲಿನ ಪಟ್ಟಿಗೆ ಹಿಡಿದಿಡುವ ಉಗುರಿನಂಥ ಹಿಡಿಕೆ ಮಾತ್ರ ಬೇರೆ. ಲಂಡನ್ನಿನದಕ್ಕೆ ಅಲಂಕಾರವಿದೆ, ಕಲ್ಕತ್ತಾದ್ದು ಸಾದಾ. ಅದರ ಮೇಲೆ 'ಮಲಬಾರ್ 1921-22' ಎಂಬ ಪಟ್ಟಿಯಿದ್ದರೆ ನಿಮ್ಮ ಹಿರಿಯರು ಮಾಪಿಳ್ಳೆ ದಂಗೆಯ ಕಾಲದಲ್ಲಿ ಕೇರಳದಲ್ಲಿದ್ದರೆಂದು ಅರ್ಥ.

ಜರ್ಮನಿಯಲ್ಲಿ ಪದ್ಧತಿ ಬೇರೆ. ಅಲ್ಲಿನ ಪ್ರಸಿದ್ಧ 'ಕಬ್ಬಿಣದ ಶಿಲುಬೆ'ಯನ್ನು ಅನೇಕ ಖಾಸಗಿ ಕಾರ್ಖಾನೆಗಳು ಮಾಡಿದವು. ನಡುವೆ ಕಪ್ಪು ಬಳಿದ ಕಬ್ಬಿಣ, ಅದರ ಸುತ್ತ ಎರಡು ಹೋಳುಗಳನ್ನು ಬೆಸೆದ ಬೆಳ್ಳಿಯ ಚೌಕಟ್ಟು. 1914ರ ಶಿಲುಬೆಗಳಲ್ಲಿ ಹಲವಕ್ಕೆ ಮೇಲಿನ ಬಳೆಯಲ್ಲಿ ತಯಾರಕನ ಅಕ್ಷರಗಳಿವೆ, 1939ರವುಗಳಲ್ಲಿ ಹಲವಕ್ಕೆ ಸಂಖ್ಯೆಯಿದೆ. ಗುರುತು ಇಲ್ಲದಿದ್ದರೆ ಬಲ್ಲವರು ಚೌಕಟ್ಟಿನ ಮೂಲೆ, ಬೆಸುಗೆ, ಇಸವಿಯ ಅಂಕಿಗಳ ಆಕಾರ ನೋಡಿ ಹೇಳುತ್ತಾರೆ. ಹೀಗೆ ಜರ್ಮನಿಯ ಶಿಲುಬೆ ಮಾಡಿದವನ ಗುರುತನ್ನು ಹೇಳಿದರೆ, ನಮ್ಮ ಹಿರಿಯರ ಪದಕ ಧರಿಸಿದವನ ಹೆಸರನ್ನೇ ಹೇಳುತ್ತದೆ.

ಈಗ ಮನಸ್ಸಿಗೆ ನೋವಾಗುವ ಒಂದು ವಿಷಯ. ಬ್ರಿಟಿಷ್ ವಾರ್ ಮೆಡಲ್ ಸುಮಾರು 65 ಲಕ್ಷ ಜನರಿಗೆ ಬೆಳ್ಳಿಯಲ್ಲಿ ಸಿಕ್ಕಿತು. ಸುಮಾರು 1,10,000 ಪದಕಗಳನ್ನು ಮಾತ್ರ ಕಂಚಿನಲ್ಲಿ ಮಾಡಿದರು. ಅವು ಹೋದದ್ದು ಚೀನಾ, ಮಾಲ್ಟಾ, ಭಾರತ ಮುಂತಾದ ಕಡೆಯ ಕೂಲಿ ದಳಗಳವರಿಗೆ. ಮೂಟೆ ಹೊತ್ತವರು, ದಾರಿ ಕಡಿದವರು ಅವರು. ಚಿತ್ರ ಒಂದೇ, ಅಚ್ಚು ಒಂದೇ, ಲೋಹ ಮಾತ್ರ ಕೆಳಗಿನದು. ಆದ್ದರಿಂದ ನಿಮ್ಮ ಪದಕ ಕಂಚಿನದಾದರೆ ನಕಲಿಯೆಂದು ಎಸೆಯಬೇಡಿ.

ಇರಾಕಿನ ಬಸ್ರಾದಲ್ಲಿ 1929ರಲ್ಲಿ ತೆರೆದ ಸ್ಮಾರಕದಲ್ಲಿ ಬ್ರಿಟಿಷ್ ಸೈನಿಕರ ಹೆಸರುಗಳನ್ನು ಕೆತ್ತಿದರು. ಸಾಮಾನ್ಯ ಭಾರತೀಯ ಸೈನಿಕರನ್ನು ದಳವಾರು ಸಂಖ್ಯೆಯಲ್ಲಷ್ಟೇ ತೋರಿಸಿದರು. ಕಲ್ಲಿನ ಮೇಲೆ ಸಂಖ್ಯೆಯಾದವನು ಪದಕದ ಅಂಚಿನಲ್ಲಿ ಹೆಸರಾಗಿ ಉಳಿದಿರಬಹುದು. ಬೆಳ್ಳಿಯ ಆಸೆಗೆ ಅದನ್ನು ಕರಗಿಸಿದರೆ ಆ ಹೆಸರೂ ಕರಗುತ್ತದೆ.

ಕೆಲವು ಕಿವಿಮಾತುಗಳು:

ಪದಕವನ್ನು ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಬೇಡಿ. ಅಕ್ಷರ ಸವೆಯುತ್ತದೆ. ಒರೆಗಲ್ಲಿಗೆ ಉಜ್ಜಲು ಕೊಡಬೇಡಿ.

ಅಂಚಿನ ಸುತ್ತ ಎರಕದ ಗೆರೆ, ಮೈಮೇಲೆ ಸಣ್ಣ ಗುಳಿಗಳು, ಮಸುಕಾದ ಅಕ್ಷರಗಳಿದ್ದರೆ ಅದು ನಕಲಿರಬಹುದು. ಅಂಚು ತೆಳುವಾಗಿದ್ದು ಅಗಲ 36 ಮಿಲಿಮೀಟರಿಗಿಂತ ಕಡಿಮೆಯಿದ್ದರೆ ಹಳೆಯ ಹೆಸರನ್ನು ಕೆರೆದು ಬೇರೆ ಹೆಸರು ಹಾಕಿರಬಹುದು.

ಹೆಸರಿಲ್ಲ ಎಂದ ಮಾತ್ರಕ್ಕೆ ನಕಲಿ ಎನ್ನಬೇಡಿ. ಎರಡನೆಯ ಮಹಾಯುದ್ಧದ ಪದಕಗಳನ್ನು ಬ್ರಿಟನ್ ತನ್ನ ಸೈನಿಕರಿಗೆ ಹೆಸರು ಹಾಕದೆಯೇ ಕೊಟ್ಟಿತು.

ಅಂಚಿನ ಬರಹವನ್ನು ಅಕ್ಷರ ಬಿಡದೆ ಕಾಗದಕ್ಕೆ ಇಳಿಸಿ, ಕುಟುಂಬದ ಬೈಬಲಿನೊಳಗೆ ಇಡಿ.

1918ರಲ್ಲಿ ಯುದ್ಧ ನಿಂತ ನವೆಂಬರ್ 11, ಸಂತ ಮಾರ್ಟಿನರ ಹಬ್ಬದ ದಿನ. ರೋಮನ್ ಸೈನಿಕರಾಗಿದ್ದ ಅವರು ಚಳಿಯಲ್ಲಿ ನಡುಗುತ್ತಿದ್ದ ಭಿಕ್ಷುಕನಿಗೆ ತಮ್ಮ ಮೇಲಂಗಿಯನ್ನು ಕತ್ತರಿಸಿ ಅರ್ಧ ಕೊಟ್ಟರು. ತನಗೊಂದು ಬಟ್ಟೆ, ಬಡವನಿಗೊಂದು ಬಟ್ಟೆ ಎಂದು ಅವರು ಭೇದ ಮಾಡಲಿಲ್ಲ. ಒಂದೇ ಬಟ್ಟೆಯನ್ನು ಇಬ್ಬರೂ ಹೊದ್ದರು. ದೇವರ ಮುಂದೆ ಬೆಳ್ಳಿಯವನೂ ಕಂಚಿನವನೂ ಒಂದೇ. ಈ ತಿಂಗಳು ಬಲಿಪೂಜೆಗೆ ಹೆಸರು ಬರೆಸುವಾಗ, ಆ ಅಂಚಿನಲ್ಲಿ ಸಿಕ್ಕ ಹೆಸರನ್ನೂ ಸೇರಿಸಿ.