ನೀರಿನ ಪಾಳಿ, ಹೊತ್ತಿನ ಪಾಳಿ



‘ಪುರುಸೊತ್ತಿಲ್ಲ’ ಎಂಬುದು ನಮ್ಮ ಬೆಳೆಗಾರರ ಬಾಯಲ್ಲಿ ದಿನಕ್ಕೆ ಹತ್ತು ಸಲ ಬರುವ ಮಾತು. ನಾನೂ ಹಾಗೆ ಹೇಳುತ್ತ ಬಂದವನೇ. ಈ ಮಾತನ್ನು ಕುರಿತು ಯೋಚಿಸುವಂತಾದದ್ದು ನಮ್ಮ ತೋಟದಲ್ಲಲ್ಲ, ಅಡಿಕೆ-ಕಾಫಿಗಳ ಗೊಡವೆಯೇ ಇಲ್ಲದ ಯಾದಗಿರಿಯ ಕಡೆಯ ಬಯಲುಸೀಮೆಯಲ್ಲಿ.

ನನ್ನ ಅಳಿಯ ಸುರಪುರದಲ್ಲಿ ಶಾಲಾ ಮಾಸ್ತರ. ಮಗಳನ್ನು ನೋಡಲು ಹೊರಟವನು ಯಾದಗಿರಿಯಲ್ಲಿ ರೈಲಿಳಿದು, ಶಹಾಪುರದ ಬಳಿ ಮಲಗಿದ ಬುದ್ಧನಂತೆ ಕಾಣುವ ಬೆಟ್ಟವನ್ನು ನೋಡುತ್ತ ಬಸ್ಸಿನಲ್ಲಿ ಸುರಪುರ ಸೇರಿದೆ. ಆ ಸೀಮೆಯ ಹೊಲಗಳಿಗೆ ನೀರು ಬರುವುದು ಕೃಷ್ಣಾ ನದಿಗೆ ನಾರಾಯಣಪುರದಲ್ಲಿ ಕಟ್ಟಿ 1982ರಲ್ಲಿ ಪೂರೈಸಿದ ಬಸವಸಾಗರದ ಎಡದಂಡೆ ಕಾಲುವೆಯಿಂದ. ನೀರು ಸದಾ ಹರಿಯುವುದಿಲ್ಲ. ಇಷ್ಟು ದಿನ ಚಾಲು, ಇಷ್ಟು ದಿನ ಬಂದ್ ಎಂದು ಮೊದಲೇ ನಿಗದಿಯಾಗಿರುತ್ತದೆ. ಇದಕ್ಕೆ ವಾರಾಬಂದಿ ಎನ್ನುತ್ತಾರೆ.

ಅಳಿಯನ ಪರಿಚಯದ ರೈತರೊಬ್ಬರ ಹೊಲ ಕಾಲುವೆಯ ಕೊನೆಯಲ್ಲಿದೆ. ಮರುದಿನ ಬೆಳಿಗ್ಗೆ ಅವರನ್ನು ಕಂಡಾಗ ಕಣ್ಣು ಕೆಂಪಾಗಿದ್ದವು. ‘ರಾತ್ರಿ ನಿದ್ರೆ ಇಲ್ಲವೇ?’ ಎಂದೆ.

‘ಎಲ್ಲಿ ನಿದ್ದಿರೀ, ರಾತ್ರಿ ಎರಡಕ್ಕ ನಮ್ಮ ಪಾಳಿ ಇತ್ತು. ಪಾಳಿ ತಪ್ಪಿದ್ರ ನೀರು ನಮ್ಮ ಸಲುವಾಗಿ ನಿಂದ್ರತದೇನ್ರಿ?’ ಎಂದರು. ಸ್ವಲ್ಪ ತಡೆದು, ‘ಮ್ಯಾಲಿನವ್ರು ಭತ್ತ ಹಚ್ಚ್ಯಾರ. ಅವ್ರು ತಗೊಂಡು ಉಳದದ್ದು ನಮಗರೀ’ ಎಂದು ಸೇರಿಸಿದರು.

ಆ ಕಾಲುವೆಯನ್ನು ಯೋಜಿಸಿದ್ದು ಕಡಿಮೆ ನೀರಿನ ಬೆಳೆಗಳಿಗಾಗಿ. ಮೇಲ್ಭಾಗದಲ್ಲಿ ಭತ್ತ ಹೆಚ್ಚಿದಷ್ಟೂ ಕೊನೆಯವರ ಪಾಲು ಸೊರಗುತ್ತದೆ. ಈ ಎರಡು ಮಾತುಗಳನ್ನು ಊರಿಗೆ ಬರುವ ದಾರಿಯುದ್ದಕ್ಕೂ ಮೆಲುಕು ಹಾಕಿದೆ.

ಮೊದಲನೆಯ ಮಾತು ಪಾಳಿಯದು. ನಮ್ಮ ಬೆಳೆಗೂ ಪಾಳಿ ಉಂಟು, ನಾವು ಅದನ್ನು ಬರೆದಿಡುವುದಿಲ್ಲ ಅಷ್ಟೇ. ಕೊಳೆರೋಗಕ್ಕೆ ಶೇಕಡಾ 1ರ ಬೋರ್ಡೋ ದ್ರಾವಣವನ್ನು ಮುಂಗಾರು ಹಿಡಿಯುವ ಮೊದಲೇ ಹೊಡೆಯಬೇಕು, ಎರಡನೆಯದನ್ನು 40-45 ದಿನಗಳ ನಂತರ. ಕಲಸಿದ ದ್ರಾವಣವನ್ನು ಅಂದೇ ಮುಗಿಸಬೇಕು. ಅರೇಬಿಕಾದಲ್ಲಿ ಕಾಂಡಕೊರಕದ ದುಂಬಿ ಹಾರುವುದು ಏಪ್ರಿಲ್-ಮೇ ತಿಂಗಳಲ್ಲಿ, ಮತ್ತೆ ಅಕ್ಟೋಬರಿನಿಂದ ಡಿಸೆಂಬರಿನವರೆಗೆ. ರೋಗದ ಗಿಡವನ್ನು ಹುಡುಕಿ ಕೀಳುವ ಕೆಲಸ ಅದಕ್ಕೆ ಮೊದಲೇ ಆಗಬೇಕು. ಕೊನೆಗಾರನನ್ನು ಮೇ ತಿಂಗಳ ಕೊನೆಗೆ ನೆನೆಸಿಕೊಂಡು, ಮೈಲುತುತ್ತನ್ನು ಜೂನಿನಲ್ಲಿ ಹುಡುಕುವವನಿಗೆ ಪುರುಸೊತ್ತು ಎಲ್ಲಿಂದ ಬಂದೀತು? ಹೀಗೆ ಒಂದು ವರ್ಷ ತಡಮಾಡಿ ನಾನು ಅರ್ಧ ಫಸಲನ್ನು ಮರದ ಬುಡದಲ್ಲಿ ಗುಡಿಸಿದ್ದೇನೆ. ಆಗ ದೂರಿದ್ದು ಮಳೆಯನ್ನು!

ಈಗ ಗೋಡೆಯ ಕ್ಯಾಲೆಂಡರಿನಲ್ಲಿ ಈ ದಿನಗಳಿಗೆ ಕೆಂಪು ಗುರುತು ಹಾಕಿದ್ದೇನೆ. ಪೇಟೆಯ ಕೆಲಸ, ಬ್ಯಾಂಕು, ತಾಲೂಕು ಕಚೇರಿ ಎಲ್ಲವೂ ವಾರಕ್ಕೆ ಒಂದೇ ದಿನ. ಉಪ್ಪಿಗೊಮ್ಮೆ, ಸೊಪ್ಪಿಗೊಮ್ಮೆ ಪೇಟೆಗೆ ಓಡುವುದು ನಿಂತಿದೆ.

ಎರಡನೆಯ ಮಾತು ಇದಕ್ಕಿಂತ ಕಹಿ. ಮನೆಯ ಹೊತ್ತೂ ಒಂದು ಕಾಲುವೆಯೇ. ಅದರ ಮೇಲ್ಭಾಗದಲ್ಲಿ ಯಜಮಾನರಾದ ನಾವು ಭತ್ತ ಹಚ್ಚಿ ಕುಳಿತಿದ್ದೇವೆ. ನಾನು ಪೇಟೆಯಲ್ಲಿ ಮಾತಿಗೆ ಕುಳಿತು ಎರಡು ಗಂಟೆಗೆ ಊಟಕ್ಕೆ ಬಂದರೆ ಮನೆಯಾಕೆಯ ಊಟ ಮೂರಕ್ಕೆ, ಪಾತ್ರೆ ತೊಳೆದು ಕೊಟ್ಟಿಗೆಗೆ ಹೋಗುವುದು ನಾಲ್ಕಕ್ಕೆ. ಸುಲಿದ ಅಡಿಕೆ ಬೇಯಿಸಲು ಆಕೆ ಒಲೆಯ ಮುಂದೆ ರಾತ್ರಿ ಹತ್ತರವರೆಗೂ ಕುಳಿತಿರುತ್ತಿದ್ದದ್ದು ಕೆಲಸ ಹೆಚ್ಚಾಗಿ ಎಂದು ತಿಳಿದಿದ್ದೆ. ಬಹುಪಾಲು ನನ್ನ ತಡದ ಬಾಕಿಯನ್ನು ಆಕೆ ತೀರಿಸುತ್ತಿದ್ದಳು. ಬೆಳಿಗ್ಗೆ ಎಂಟಕ್ಕೆ ಬಂದ ಆಳುಗಳನ್ನು ‘ಇರಿ, ಬಂದೆ’ ಎಂದು ಒಂಬತ್ತರವರೆಗೆ ಕೂರಿಸಿ, ಸಂಜೆ ಕೆಲಸ ಸಾಲದೆಂದು ಗೊಣಗುವುದೂ ಇದೇ ಜಾತಿಯ ತಪ್ಪು.

ಇನ್ನು ನಮ್ಮ ಸಂಘ. ಕಳೆದ ಸಭೆಯ ಆಮಂತ್ರಣದಲ್ಲಿ ಹತ್ತೂವರೆ ಗಂಟೆ ಎಂದಿತ್ತು, ಶುರುವಾದದ್ದು ಹನ್ನೆರಡಕ್ಕೆ. ಹತ್ತಿರದವರು ಕಾದರು. ದೂರದ ಊರಿನ ಸಣ್ಣ ಹಿಡುವಳಿಯ ಸದಸ್ಯರು ಸಾಲದ ವಿಷಯ ಬರುವ ಮೊದಲೇ ಬಸ್ಸಿಗೆಂದು ಎದ್ದು ಹೋದರು. ಅವರ ವಿಷಯ ಅವರಿಲ್ಲದೆಯೇ ತೀರ್ಮಾನವಾಯಿತು. ಕಾಲುವೆಯ ಕೊನೆಯವರೆಂದರೆ ಇವರೇ ಅಲ್ಲವೇ?

ಆದ್ದರಿಂದ ನನ್ನ ಸಲಹೆ ಇಷ್ಟು. ಮುಂದಿನ ಸಭೆ, ಕೋರಂ ಕೂಡಿದ್ದರೆ, ಅಧ್ಯಕ್ಷರಿಗಾಗಿಯಾಗಲಿ ಅತಿಥಿಗಳಿಗಾಗಿಯಾಗಲಿ ಕಾಯದೆ ಅಚ್ಚಾದ ಹೊತ್ತಿಗೇ ಆರಂಭವಾಗಲಿ. ಸಾಲ ಮತ್ತು ಗೊಬ್ಬರದ ವಿಷಯ ಮೊದಲು ಬರಲಿ, ಹಾರ ತುರಾಯಿ ಕೊನೆಗಿರಲಿ. ಮನೆಯಲ್ಲಿ ಊಟದ ಹೊತ್ತನ್ನು ನಾವು ಗಂಡಸರೇ ಮೊದಲು ಪಾಲಿಸೋಣ. ಈ ಬಗ್ಗೆ ಸದಸ್ಯರು ತಮ್ಮ ಅಭಿಪ್ರಾಯವನ್ನು ಪತ್ರಿಕೆಗೆ ಬರೆದು ತಿಳಿಸಬೇಕಾಗಿ ಕೋರುತ್ತೇನೆ.

— ಒಬ್ಬ ಸದಸ್ಯ